ಟೈಟಾನಿಯಂ ಮಿಶ್ರಲೋಹಗಳು ಮತ್ತು ಬೀಡು ಕಬ್ಬಿಣ: ಗುಣಧರ್ಮಗಳ ತುಲನೆ

ಬೀಡು ಕಬ್ಬಿಣದ ಒಂದು ಘನ ಸೆಂಟಿಮೀಟರ್ ತುಂಡು ಸುಮಾರು 7.2 ಗ್ರಾಂ ತೂಗುತ್ತದೆ. ಅದೇ ಗಾತ್ರದ ಟೈಟಾನಿಯಂ ಮಿಶ್ರಲೋಹದ ತೂಕ 4.4 ಗ್ರಾಂ. ಎಳೆದಾಗ ಸಾಮಾನ್ಯ ಬೂದು ಬೀಡು 150ರಿಂದ 350 ಮೆಗಾಪ್ಯಾಸ್ಕಲ್‌ನೊಳಗೆ ಮುರಿಯುತ್ತದೆ. ಟೈಟಾನಿಯಂ ಮಿಶ್ರಲೋಹ 900ರವರೆಗೂ ತಡೆದುಕೊಳ್ಳುತ್ತದೆ. ಈ ನಾಲ್ಕು ಅಂಕಿಗಳನ್ನು ನೋಡಿದವರಿಗೆ ತೀರ್ಪು ಆಗಿಹೋಯಿತು ಅನ್ನಿಸುವುದು ಸಹಜ. ಆದರೂ ಲೇತ್ ಯಂತ್ರದ ಬೆಡ್, ಕಾರಿನ ಬ್ರೇಕ್ ಡಿಸ್ಕ್, ಡೀಸೆಲ್ ಎಂಜಿನ್ನಿನ ಬ್ಲಾಕ್ ಇವತ್ತಿಗೂ ಹೆಚ್ಚಾಗಿ ಬೀಡಿನಲ್ಲೇ ಎರಕವಾಗುತ್ತವೆ. ಬೀಡು ಅಗ್ಗ ಎಂಬುದು ಇದಕ್ಕೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಲೋಹದ ಗುಣಗಳು ಅಂಗಡಿಯಲ್ಲಿ ಆರಿಸಿಕೊಳ್ಳುವಂತೆ ಬಿಡಿಬಿಡಿಯಾಗಿ ಸಿಗುವುದಿಲ್ಲ. ಬೀಡಿನ ಒಳ್ಳೆಯದೂ ಕೆಟ್ಟದ್ದೂ ಬಹುಮಟ್ಟಿಗೆ ಒಂದೇ ಮೂಲದಿಂದ ಬರುತ್ತವೆ: ಅದರೊಳಗೆ ಹರಡಿರುವ ಗ್ರಾಫೈಟ್. ಟೈಟಾನಿಯಂನ ಒಳ್ಳೆಯದೂ ಕೆಟ್ಟದ್ದೂ ಹೀಗೆಯೇ ಹೆಚ್ಚಿನ ಪಾಲು ಒಂದೇ ಕಡೆಯಿಂದ ಬರುತ್ತವೆ: ಆಮ್ಲಜನಕದ ಮೇಲೆ ಆ ಲೋಹಕ್ಕಿರುವ ತೀರದ ಹಸಿವು. ಇವೆರಡನ್ನು ಗುರುತಿಸದೆ ಅಂಕಿಗಳ ಪಟ್ಟಿಯನ್ನು ಎದುರುಬದುರು ಇಟ್ಟರೆ ಹೋಲಿಕೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಬೀಡು ಎಂದರೆ ಶೇ. 2ಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇ. 2.5ರಿಂದ 4ರಷ್ಟು ಇಂಗಾಲವೂ ಶೇ. 1ರಿಂದ 3ರಷ್ಟು ಸಿಲಿಕಾನೂ ಇರುವ ಕಬ್ಬಿಣ. ಇಷ್ಟೊಂದು ಇಂಗಾಲವನ್ನು ಘನ ಕಬ್ಬಿಣ ತನ್ನೊಳಗೆ ಕರಗಿಸಿಕೊಳ್ಳಲಾರದು. ಕರಗಿದ ಲೋಹ ಅಚ್ಚಿನಲ್ಲಿ ಆರುವಾಗ ಹೆಚ್ಚಾದ ಇಂಗಾಲ ಹೊರಬೀಳಲೇಬೇಕು. ಬೇಗ ಆರಿದರೆ ಅದು ಕಬ್ಬಿಣದೊಂದಿಗೆ ಸೇರಿ ಕಾರ್ಬೈಡ್ ಆಗುತ್ತದೆ. ಆಗ ಸಿಗುವುದು ಗಾಜಿನಂತೆ ಗಡಸಾದ, ಗಾಜಿನಂತೆಯೇ ಒಡೆಯುವ ಬಿಳಿ ಬೀಡು. ಸಿಲಿಕಾನ್ ಸಾಕಷ್ಟಿದ್ದು ನಿಧಾನವಾಗಿ ಆರಿದರೆ ಇಂಗಾಲ ಗ್ರಾಫೈಟ್ ಪದರಗಳಾಗಿ ಬೇರ್ಪಡುತ್ತದೆ. ಇದು ಬೂದು ಬೀಡು; ಮುರಿದ ಮುಖ ಬೂದಿಬಣ್ಣಕ್ಕೆ ಕಾಣುವುದರಿಂದ ಈ ಹೆಸರು. ಹೊಳಪು ಕೊಟ್ಟ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆಳ್ಳಗಿನ ಹಿನ್ನೆಲೆಯಲ್ಲಿ ಕಪ್ಪು ಬಾಗುಗೆರೆಗಳು ಕಾಣುತ್ತವೆ. ಗ್ರಾಫೈಟಿಗೆ ತನ್ನದೇ ಆದ ಬಲ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಆ ಒಂದೊಂದು ಗೆರೆಯೂ ಲೋಹದೊಳಗೆ ಮೊದಲೇ ತೆರೆದಿಟ್ಟ ಬಿರುಕು. ಎಳೆದಾಗ ಒತ್ತಡವೆಲ್ಲ ಆ ಬಿರುಕುಗಳ ತುದಿಗೆ ಒಟ್ಟುಗೂಡುತ್ತದೆ, ತುಂಡು ಶೇ. 1ರಷ್ಟೂ ಹಿಗ್ಗದೆ ತಟ್ಟನೆ ಮುರಿಯುತ್ತದೆ. ಒತ್ತಿದರೆ ಕತೆಯೇ ಬೇರೆ: ಬಿರುಕು ಮುಚ್ಚಿಕೊಳ್ಳುತ್ತದೆ, ಭಾರ ಕಬ್ಬಿಣದ ಮೇಲೇ ಬೀಳುತ್ತದೆ. ಆದ್ದರಿಂದ ಬೂದು ಬೀಡಿನ ಸಂಪೀಡನ ಬಲ ಕರ್ಷಣ ಬಲದ ಮೂರು ನಾಲ್ಕು ಪಟ್ಟು. ಭಾರತೀಯ ಮಾನಕ ಐಎಸ್ 210ರ ಎಫ್‌ಜಿ 260 ದರ್ಜೆಯಲ್ಲಿ ಆ 260 ಎಂಬುದು ಎಳೆತದ ಅಂಕಿ. ಒತ್ತಡದಲ್ಲಿ ಅದೇ ಬೀಡು ಅದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ.

ಎಳೆತ ಮತ್ತು ಒತ್ತಡದ ಈ ಭೇದವನ್ನು ಎಂಜಿನಿಯರುಗಳು ಜೀವಹಾನಿಯ ಬೆಲೆ ತೆತ್ತು ಕಲಿತರು. 1779ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಬಳಿ ಸೆವರ್ನ್ ನದಿಗೆ ಎರಕದ ಕಬ್ಬಿಣದ ಸೇತುವೆ ಎದ್ದಿತು. ಅದು ಕಮಾನು, ಕಮಾನಿನಲ್ಲಿ ಭಾಗಗಳೆಲ್ಲ ಒಂದನ್ನೊಂದು ಒತ್ತುತ್ತವೆ. ಅದು ಇಂದಿಗೂ ನಿಂತಿದೆ. ಚೆಸ್ಟರಿನಲ್ಲಿ ಡೀ ನದಿಯ ಮೇಲೆ ರಾಬರ್ಟ್ ಸ್ಟೀಫನ್ಸನ್ ಕಟ್ಟಿಸಿದ ರೈಲು ಸೇತುವೆಯಲ್ಲಿ ಅದೇ ಲೋಹವನ್ನು ನೇರ ತೊಲೆಗಳಾಗಿ ಬಳಸಲಾಗಿತ್ತು. ತೊಲೆ ಬಾಗಿದಾಗ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಮೆದುಕಬ್ಬಿಣದ ಸರಳುಗಳ ಆಸರೆ ಕೊಟ್ಟಿದ್ದರೂ 1847ರ ಮೇ 24ರಂದು ರೈಲು ಹಾಯುವಾಗ ತೊಲೆ ಮುರಿದು ಐವರು ಸತ್ತರು. ಎರಡು ಸೇತುವೆಗಳ ಲೋಹ ಒಂದೇ ಬಗೆಯದು, ಭಾರ ಬೀಳುವ ದಿಕ್ಕು ಮಾತ್ರ ಬೇರೆ. ಬೀಡನ್ನು ‘ದುರ್ಬಲ’ ಎನ್ನುವವರೂ ‘ಗಟ್ಟಿ’ ಎನ್ನುವವರೂ ಹೀಗೆ ಅರ್ಧ ಸತ್ಯವನ್ನೇ ಹೇಳುತ್ತಾರೆ.

ಆದರೆ ಎಳೆತದಲ್ಲಿ ದ್ರೋಹ ಬಗೆಯುವ ಗ್ರಾಫೈಟೇ ಬೀಡಿಗೆ ಅನ್ನ ಕೊಟ್ಟದ್ದು. ಯಂತ್ರ ನಡುಗಿದಾಗ ಆ ಮೃದು ಪದರಗಳು ಕಂಪನದ ಶಕ್ತಿಯನ್ನು ಒಳಗೇ ಸವೆಸಿ ಶಾಖವಾಗಿಸುತ್ತವೆ. ಉಕ್ಕಿನ ಸರಳನ್ನು ತಟ್ಟಿದರೆ ಗಂಟೆಯಂತೆ ಅನುರಣಿಸುತ್ತದೆ, ಬೂದು ಬೀಡಿನ ಸರಳು ಡಬ್ ಎಂದು ಸುಮ್ಮನಾಗುತ್ತದೆ. ಲೇತಿನ ಬೆಡ್‌ಗೆ ಬೇಕಾದದ್ದು ಈ ಗುಣ: ಬೆಡ್ ನಡುಗಿದರೆ ಟೂಲ್ ನಡುಗುತ್ತದೆ, ಟೂಲ್ ನಡುಗಿದರೆ ತಿರುಗಿಸಿದ ಮೈ ಮೇಲೆ ಅಲೆ ಮೂಡುತ್ತದೆ. ಗ್ರಾಫೈಟ್ ಶಾಖವನ್ನೂ ಚೆನ್ನಾಗಿ ಒಯ್ಯುವುದರಿಂದ ಬೂದು ಬೀಡಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 50 ವ್ಯಾಟ್. ಕೊರೆಯುವಾಗ ಚೂರುಗಳು ಸುರುಳಿಯಾಗದೆ ಪುಡಿಯಾಗಿ ಉದುರುತ್ತವೆ, ಗ್ರಾಫೈಟೇ ಜಾರುಕವಾಗುತ್ತದೆ. ಟರ್ನರ್‌ಗಳು ಅನೇಕ ವೇಳೆ ಕೂಲೆಂಟ್ ಇಲ್ಲದೆಯೇ ಬೀಡನ್ನು ಕತ್ತರಿಸುತ್ತಾರೆ, ಕೈಯೆಲ್ಲ ಕಪ್ಪಾಗುತ್ತದೆ ಅಷ್ಟೆ. ಎರಕ ಹೊಯ್ಯುವವರಿಗೂ ಗ್ರಾಫೈಟ್ ನೆಂಟ. ಇಂಗಾಲ ಹೆಚ್ಚಿರುವುದರಿಂದ ಬೀಡು 1,150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿ ನೀರಿನಂತೆ ಹರಿಯುತ್ತದೆ. ಆರುವಾಗ ಬೇರ್ಪಡುವ ಗ್ರಾಫೈಟ್ ಹೆಚ್ಚು ಜಾಗ ಕೇಳುವುದರಿಂದ ಲೋಹದ ಕುಗ್ಗುವಿಕೆಯ ಒಂದಂಶ ಸರಿತೂಗುತ್ತದೆ. ಮರಳಿನ ಅಚ್ಚು, ಕ್ಯುಪೋಲಾ ಕುಲುಮೆ, ಕೋಕ್, ಹಳೆಯ ಗುಜರಿ ಇದ್ದರೆ ಕೆಲಸ ನಡೆಯುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ ಕಾಡಿನ ಇದ್ದಿಲನ್ನೇ ಉರಿಸಿ ಕಬ್ಬಿಣ ತೆಗೆಯಲು ಶುರುಮಾಡಿತು. ಬೆಳಗಾವಿಯ ಫೌಂಡ್ರಿಗಳು ಪಂಪು, ವಾಲ್ವು, ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತ ಬಂದಿವೆ. ಈ ಲೋಹ ಸಣ್ಣ ಕಾರ್ಖಾನೆಯ ಕೈಗೂ ಎಟುಕುವುದಕ್ಕೆ ಕಾರಣ ಅದರ ಒಳರಚನೆಯಲ್ಲೇ ಇದೆ.

ಟೈಟಾನಿಯಂ ಅಪರೂಪದ ಧಾತುವೇನಲ್ಲ. ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಧಾತುಗಳಲ್ಲಿ ಅದಕ್ಕೆ ಒಂಬತ್ತನೆಯ ಸ್ಥಾನ. ಕೇರಳ, ತಮಿಳುನಾಡು, ಒಡಿಶಾಗಳ ಕಡಲತೀರದ ಕಪ್ಪು ಮರಳಿನಲ್ಲಿ ಇಲ್ಮೆನೈಟ್ ರೂಪದಲ್ಲಿ ಬೇಕಾದಷ್ಟಿದೆ. 1791ರಲ್ಲಿ ಕಾರ್ನ್‌ವಾಲಿನ ಪಾದ್ರಿ ವಿಲಿಯಂ ಗ್ರೆಗರ್ ಇಂಥದೇ ಮರಳಿನಲ್ಲಿ ಅದರ ಸುಳಿವು ಹಿಡಿದ. ಶುದ್ಧ ಲೋಹವನ್ನು ಮ್ಯಾಥ್ಯೂ ಹಂಟರ್ ಪಡೆದದ್ದು 1910ರಲ್ಲಿ. ನಡುವೆ ಕಳೆದುಹೋದ ನೂರಕ್ಕೂ ಹೆಚ್ಚು ವರ್ಷಗಳಿಗೆ ಹೊಣೆ ಆ ಹಸಿವೇ. ಕಬ್ಬಿಣದ ಅದಿರನ್ನು ಇದ್ದಿಲಿನೊಂದಿಗೆ ಸುಟ್ಟರೆ ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತದೆ; ಟೈಟಾನಿಯಂ ಆಮ್ಲಜನಕವನ್ನು ಅಷ್ಟು ಸುಲಭಕ್ಕೆ ಬಿಡದು, ಸಾಲದ್ದಕ್ಕೆ ಇಂಗಾಲದೊಂದಿಗೂ ಕಾರ್ಬೈಡ್ ಆಗಿ ಕೂತುಬಿಡುತ್ತದೆ. ವಿಲ್ಹೆಲ್ಮ್ ಕ್ರೋಲ್ 1930ರ ದಶಕದಲ್ಲಿ ರೂಪಿಸಿದ, ಇಂದಿಗೂ ಮುಖ್ಯವಾಗಿ ಚಾಲ್ತಿಯಲ್ಲಿರುವ ವಿಧಾನದಲ್ಲಿ ಅದಿರನ್ನು ಮೊದಲು ಕ್ಲೋರೈಡ್ ದ್ರವವಾಗಿಸಿ, ಆ ಕ್ಲೋರೈಡನ್ನು ಆರ್ಗಾನ್ ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಕರಗಿದ ಮೆಗ್ನೀಷಿಯಂ ಜೊತೆ ವರ್ತಿಸುವಂತೆ ಮಾಡುತ್ತಾರೆ. ಪರಮಾಣು ಲೆಕ್ಕ ಹಾಕಿದರೆ ಒಂದು ಕಿಲೋ ಟೈಟಾನಿಯಂಗೆ ಹೆಚ್ಚುಕಡಿಮೆ ಒಂದು ಕಿಲೋ ಮೆಗ್ನೀಷಿಯಂ ಬೇಕು. ಕೊನೆಗೆ ಸಿಗುವುದು ತೂತುತೂತಾದ ‘ಸ್ಪಾಂಜ್’. ಅದನ್ನು ಒಡೆದು, ಮಿಶ್ರಧಾತುಗಳನ್ನು ಸೇರಿಸಿ, ನಿರ್ವಾತದಲ್ಲಿ ವಿದ್ಯುತ್ ಚಾಪದಿಂದ ಎರಡು ಮೂರು ಬಾರಿ ಕರಗಿಸಬೇಕು. ಕೇರಳದ ಚವರದಲ್ಲಿ 2011ರಲ್ಲಿ ಆರಂಭವಾದ, ವರ್ಷಕ್ಕೆ 500 ಟನ್ ಸಾಮರ್ಥ್ಯದ ಸ್ಪಾಂಜ್ ಸ್ಥಾವರಕ್ಕೆ ತಂತ್ರಜ್ಞಾನ ಕೊಟ್ಟದ್ದು ಹೈದರಾಬಾದಿನ ರಕ್ಷಣಾ ಲೋಹಶೋಧನಾ ಪ್ರಯೋಗಾಲಯ, ಹಣ ಕೊಟ್ಟದ್ದು ಇಸ್ರೊದ ವಿಕ್ರಂ ಸಾರಾಭಾಯಿ ಕೇಂದ್ರ. ಕಡಲ ಮರಳು ಕಾಲಬುಡದಲ್ಲೇ ಇದ್ದರೂ ಲೋಹ ತೆಗೆಯಲು ಅಂಥ ಸಂಸ್ಥೆಗಳೇ ಮುಂದಾಗಬೇಕಾಯಿತು.

ಲೋಹವಾದ ಮೇಲೆ ಅದೇ ಹಸಿವು ರಕ್ಷಣೆಗೆ ನಿಲ್ಲುತ್ತದೆ. ಗಾಳಿ ಸೋಕಿದ ಗಳಿಗೆಯಲ್ಲೇ ಟೈಟಾನಿಯಂ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀಚಿದರೆ ಮತ್ತೆ ಕಟ್ಟುತ್ತದೆ. ಸಮುದ್ರದ ಉಪ್ಪು ನೀರು ಈ ಪೊರೆಯನ್ನು ಸಾಮಾನ್ಯ ಉಷ್ಣಾಂಶದಲ್ಲಿ ಅಲುಗಿಸಲಾರದು. ಮನುಷ್ಯನ ರಕ್ತಮಾಂಸವೂ ಅಷ್ಟೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆ ಟೈಟಾನಿಯಂಗೆ ಅಂಟಿ ಬೆಳೆಯುವುದನ್ನು ಗಮನಿಸಿ 1965ರಲ್ಲಿ ಮೊದಲ ಹಲ್ಲಿನ ಇಂಪ್ಲಾಂಟ್ ಕೂರಿಸಿದರು. ಬೀಡಿನ ತುಕ್ಕಿನ ರೀತಿ ಇದಕ್ಕೆ ವಿರುದ್ಧ, ಮತ್ತು ವಿಚಿತ್ರ. ಉಪ್ಪುಮಣ್ಣಿನಲ್ಲಿ ಹೂತ ಹಳೆಯ ಪೈಪಿನಲ್ಲಿ ಕಬ್ಬಿಣ ಕರಗಿಹೋಗಿ ಗ್ರಾಫೈಟಿನ ಜಾಲವೂ ತುಕ್ಕೂ ಉಳಿಯುತ್ತವೆ. ಪೈಪಿನ ಆಕಾರ ಹಾಗೇ ಇರುತ್ತದೆ, ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು. ಚಾಕು ಒತ್ತಿದರೆ ಪೆನ್ಸಿಲ್ಲಿನ ಕಡ್ಡಿಯಂತೆ ಇಳಿಯುತ್ತದೆ. ಹಾಗೆಂದು ಬೀಡಿನ ಪೈಪೆಲ್ಲ ಹೀಗೆ ಎನ್ನುವಂತಿಲ್ಲ: ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗಾಗಿ 17ನೆಯ ಶತಮಾನದಲ್ಲಿ ಹೂತ ಬೀಡಿನ ಕೊಳವೆಗಳು ಮುನ್ನೂರು ವರ್ಷ ದಾಟಿ ಕೆಲಸ ಮಾಡಿದವು. ಎರಡು ಲೋಹಗಳನ್ನು ಸಮುದ್ರದ ನೀರಿನಲ್ಲಿ ಜೊತೆಗಿಟ್ಟರಂತೂ ಬೀಡಿಗೆ ಗಂಡಾಂತರ. ವಿದ್ಯುತ್ ಸ್ಥಾವರಗಳ ಕಂಡೆನ್ಸರಿನಲ್ಲಿ ಟೈಟಾನಿಯಂ ಕೊಳವೆ ಹಾಕಿ ನೀರಿನ ಪೆಟ್ಟಿಗೆಯನ್ನು ಬೀಡಿನದೇ ಉಳಿಸಿಕೊಂಡರೆ ಬೀಡು ಬೇಗ ಸವೆಯುತ್ತದೆ. ಅದನ್ನು ತಡೆಯಲು ವಿದ್ಯುತ್ ರಕ್ಷಣೆ ಕೊಡಬಹುದು. ಆದರೆ ಆ ರಕ್ಷಣೆ ಅತಿಯಾದರೆ ಟೈಟಾನಿಯಂ ಹೈಡ್ರೋಜನ್ನನ್ನು ಹೀರಿಕೊಂಡು ಪೆಡಸಾಗುತ್ತದೆ.

ಆಮ್ಲಜನಕ ಪೊರೆಯಾಗಿ ಹೊರಗೆ ನಿಂತರೆ ಒಳ್ಳೆಯದು, ಒಳಗೆ ನುಗ್ಗಿದರೆ ಹಾನಿ ಎಂದು ಸರಳವಾಗಿ ಹೇಳಿ ಮುಗಿಸುವಂತೆಯೂ ಇಲ್ಲ. ವಾಣಿಜ್ಯಿಕವಾಗಿ ಶುದ್ಧ ಎನ್ನುವ ಟೈಟಾನಿಯಂನ ನಾಲ್ಕು ದರ್ಜೆಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಆಮ್ಲಜನಕದ ಪ್ರಮಾಣವೇ: ಗ್ರೇಡ್ 1ರಲ್ಲಿ ಹೆಚ್ಚೆಂದರೆ ಶೇ. 0.18, ಗ್ರೇಡ್ 4ರಲ್ಲಿ ಶೇ. 0.40. ಈ ಚಿಟಿಕೆಯಷ್ಟು ಏರಿಕೆಗೆ ಕನಿಷ್ಠ ಕರ್ಷಣ ಬಲ 240ರಿಂದ 550 ಮೆಗಾಪ್ಯಾಸ್ಕಲ್‌ಗೆ ಜಿಗಿಯುತ್ತದೆ, ಹಿಗ್ಗುವ ಗುಣ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಲೋಕದಲ್ಲಿ ಅತಿ ಹೆಚ್ಚು ಬಳಕೆಯಾಗುವ ಟೈಟಾನಿಯಂ ಮಿಶ್ರಲೋಹದಲ್ಲಿ, ಎಂದರೆ ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಇರುವ ಗ್ರೇಡ್ 5ರಲ್ಲಿ, ಆಮ್ಲಜನಕಕ್ಕೆ ಶೇ. 0.20ರ ಮಿತಿ, ಅತಿ ಶೀತದಲ್ಲೋ ದೇಹದೊಳಗೋ ಬಳಸುವ ಬಗೆಗೆ ಶೇ. 0.13. ಬಿಸಿ ಏರಿದಂತೆ ಹಸಿವೂ ಏರುತ್ತದೆ. ಟೈಟಾನಿಯಂ ಕರಗುವುದು 1,668 ಡಿಗ್ರಿಗೆ, ಆದ್ದರಿಂದ ಅದು ಬೆಂಕಿಗೆ ಬಗ್ಗದ ಲೋಹ ಎಂಬ ನಂಬಿಕೆ ವ್ಯಾಪಕ. ವಾಸ್ತವದಲ್ಲಿ ಗ್ರೇಡ್ 5ನ್ನು ದೀರ್ಘಕಾಲ ಬಳಸುವುದು 350–400 ಡಿಗ್ರಿವರೆಗೆ. ಜೆಟ್ ಎಂಜಿನ್ನಿಗೆಂದೇ ರೂಪಿಸಿದ ಅತ್ಯುತ್ತಮ ಮಿಶ್ರಲೋಹಗಳೂ 600ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಅದರಾಚೆ ಆಮ್ಲಜನಕ ಮೈಯೊಳಗೆ ಇಳಿದು ಬಿರುಕು ಬಿಡುವ ಗಡಸು ಪದರ ಕಟ್ಟುತ್ತದೆ. ಲೇತಿನಡಿ ಬಿದ್ದ ಸಣ್ಣ ಚೂರುಗಳು ಹೊತ್ತಿಕೊಂಡರೆ ನೀರು ಸುರಿಯುವಂತಿಲ್ಲ. ಈ ಲೋಹ ನೈಟ್ರೋಜನ್ ಅನಿಲದಲ್ಲೂ ಉರಿಯುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಉಷ್ಣಕ್ಕೆ ಕರಗುವ ಬೀಡಾದರೋ, ಸಿಲಿಕಾನ್ ಮತ್ತು ಮಾಲಿಬ್ಡಿನಂ ಬೆರೆತ ರೂಪದಲ್ಲಿ, ಎಂಜಿನ್ನಿನ ಕೆಂಪಗೆ ಕಾದ ಹೊಗೆಕೊಳವೆಯಾಗಿ ನಿಶ್ಚಿಂತೆಯಿಂದ ದುಡಿಯುತ್ತದೆ.

ಮೊದಲ ಆಕ್ಷೇಪ ವಿಮಾನದ ಎಂಜಿನಿಯರುಗಳಿಂದ ಬರುತ್ತದೆ: ಇದೆಲ್ಲ ಇರಲಿ, ತೂಕಕ್ಕೆ ಸಿಗುವ ಬಲವೇ ಕೊನೆಯ ಮಾತಲ್ಲವೇ? ಬಲವನ್ನು ಸಾಂದ್ರತೆಯಿಂದ ಭಾಗಿಸಿದರೆ ಗ್ರೇಡ್ 5ಕ್ಕೆ ಸುಮಾರು 200, ಎಫ್‌ಜಿ 260 ಬೀಡಿಗೆ 36. ಹಾರುವ ವಸ್ತುವಿನಲ್ಲಿ ಈ ಲೆಕ್ಕಕ್ಕೆ ಎದುರಿಲ್ಲ. 1964ರಲ್ಲಿ ಹಾರಿದ ಎಸ್‌ಆರ್-71 ವಿಮಾನದ ಮೈ ಹೆಚ್ಚಿನಂಶ ಟೈಟಾನಿಯಂನದು. ಇಸ್ರೊ ರಾಕೆಟ್ಟುಗಳ ಅಧಿಕ ಒತ್ತಡದ ಅನಿಲ ಸೀಸೆಗಳೂ ಗ್ರೇಡ್ 5ರವೇ. ಆದರೆ ಯಂತ್ರಭಾಗ ಮುರಿಯುವುದಕ್ಕಿಂತ ಬಾಗುವುದರಿಂದ ಕೆಡುವುದೇ ಹೆಚ್ಚು. ಬಾಗುವಿಕೆಯನ್ನು ತಡೆಯುವ ಸ್ಥಿತಿಸ್ಥಾಪಕ ಗುಣಾಂಕ ಟೈಟಾನಿಯಂಗೆ 114 ಗಿಗಾಪ್ಯಾಸ್ಕಲ್, ಒಳ್ಳೆಯ ಬೂದು ಬೀಡಿಗೂ ಅಷ್ಟರ ಆಸುಪಾಸು, ಗುಂಡು ಗ್ರಾಫೈಟಿನ ಬೀಡಿಗೆ (ಗ್ರಾಫೈಟ್ ಪದರವಾಗದೆ ಗುಂಡಾಗಿರುವ ಬಗೆ, ಅದರ ಮಾತು ಮುಂದೆ) 170. ಸಾಂದ್ರತೆಯಿಂದ ಭಾಗಿಸಿದರೆ ಟೈಟಾನಿಯಂಗೆ 26, ಗುಂಡು ಗ್ರಾಫೈಟಿನ ಬೀಡಿಗೆ 24. ನೇರ ಎಳೆತ-ಒತ್ತಡದ ಬಿಗುವಿನಲ್ಲಿ ಇಬ್ಬರೂ ಸರಿಸಮ ಎನ್ನಬಹುದು. ತೆಳು ತಗಡಿನ ಬಾಗುವಿಕೆಯಲ್ಲಾದರೆ ದಪ್ಪದ ಲಾಭ ಹಗುರ ಲೋಹಕ್ಕೆ ದಕ್ಕುತ್ತದೆ, ಅಲ್ಲಿ ಟೈಟಾನಿಯಂ ಮತ್ತೆ ಮುಂದು. ಯಾವ ಅನುಪಾತ ಮುಖ್ಯ ಎಂಬುದನ್ನು ಕೆಲಸ ನಿರ್ಧರಿಸುತ್ತದೆ. ಬಲ ಹೆಚ್ಚು, ಗುಣಾಂಕ ಕಡಿಮೆ ಎಂಬ ಜೋಡಿ ಸ್ಪ್ರಿಂಗಿಗೆ ಹೇಳಿಮಾಡಿಸಿದಂತಿದೆ; ಮೂಳೆಯ ಕೀಲಿಗೂ ಹಿತ, ಏಕೆಂದರೆ ಮೂಳೆಯ ಗುಣಾಂಕ ಇನ್ನೂ ಕಡಿಮೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಅಂತರವೆಲ್ಲ ಬೆಲೆಯದು, ಟೈಟಾನಿಯಂ ಅಗ್ಗವಾದ ದಿನ ಬೀಡು ಮೂಲೆ ಸೇರುತ್ತದೆ. ಹಾಗೇ ಇರಲಿ, ಇಬ್ಬರಿಗೂ ಒಂದೇ ಬೆಲೆ ಎಂದುಕೊಂಡು ಬ್ರೇಕ್ ಡಿಸ್ಕನ್ನು ತೆಗೆದುಕೊಳ್ಳೋಣ. ಬ್ರೇಕ್ ಒತ್ತಿದಾಗ ಗಾಡಿಯ ಚಲನೆಯ ಶಕ್ತಿ ಡಿಸ್ಕಿನಲ್ಲಿ ಶಾಖವಾಗುತ್ತದೆ. ಒಂದು ಘನ ಸೆಂಟಿಮೀಟರ್ ಬೀಡನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 3.4 ಜೂಲ್ ಬೇಕು, ಟೈಟಾನಿಯಂಗೆ ಸುಮಾರು 2.4 ಸಾಕು. ಎಂದರೆ ಒಂದೇ ಅಳತೆಯ ಡಿಸ್ಕು, ಅದೇ ಬ್ರೇಕು. ಟೈಟಾನಿಯಂನದು ಒಂದೂಕಾಲು ಪಟ್ಟಿಗೂ ಮಿಗಿಲಾಗಿ ಕಾಯುತ್ತದೆ. ಅದೂ ಸರಾಸರಿ ಲೆಕ್ಕ. ಟೈಟಾನಿಯಂನ ಉಷ್ಣವಾಹಕತೆ 7 ವ್ಯಾಟ್, ಬೀಡಿನ ಏಳನೆಯ ಒಂದು ಭಾಗ. ಆದ್ದರಿಂದ ಶಾಖ ಒಳಗೆ ಹರಡದೆ ಪ್ಯಾಡ್ ಉಜ್ಜುವ ಮೈಯಲ್ಲೇ ಜಮೆಯಾಗುತ್ತದೆ. ಸಾಲದೆಂಬಂತೆ ಉಜ್ಜಾಟದಲ್ಲಿ ಆಕ್ಸೈಡ್ ಪೊರೆ ಹರಿದಾಗ ಬೆತ್ತಲೆ ಟೈಟಾನಿಯಂ ಎದುರಿನ ಲೋಹಕ್ಕೆ ಕಚ್ಚಿಕೊಳ್ಳುತ್ತದೆ, ಕಿತ್ತು ಬರುತ್ತದೆ. ಟೈಟಾನಿಯಂ ಬೋಲ್ಟು ನಟ್ಟಿನಲ್ಲಿ ಸಿಕ್ಕಿಬೀಳುವುದೂ ಕತ್ತರಿಸುವ ಟೂಲಿನ ಮೊನೆ ಬೇಗ ಸುಟ್ಟುಹೋಗುವುದೂ ಇವೇ ಕಾರಣಗಳಿಗೆ. ಸಿಲಿಂಡರ್ ಲೈನರ್, ಲೇತ್ ಬೆಡ್‌ಗಳ ಮಾತೂ ಇದೇ. ಮ್ಯಾನ್‌ಹೋಲ್ ಮುಚ್ಚಳಕ್ಕಂತೂ ಭಾರವೇ ಗುಣ: ಲಾರಿ ಹಾಯ್ದಾಗ ಅದು ಎಗರಕೂಡದು. (ಬೆಲೆ ಇಳಿಯದೆ ಟೈಟಾನಿಯಂ ಮುಚ್ಚಳ ಹಾಕಿದರೆ ಒಂದು ರಾತ್ರಿ ಉಳಿದೀತೇ ಎಂಬುದು ಬೇರೆ ಪ್ರಶ್ನೆ; ಬೀಡಿನವೇ ಉಳಿಯುವುದಿಲ್ಲ.) ಬೆಲೆ ಇಳಿದರೆ ಟೈಟಾನಿಯಂ ಗೆಲ್ಲುವ ಕಡೆಗಳೂ ಉಂಟು: ಸಮುದ್ರದ ನೀರೆತ್ತುವ ಪಂಪಿನ ಇಂಪೆಲರ್, ರಾಸಾಯನಿಕ ಕಾರ್ಖಾನೆಯ ವಾಲ್ವು. ಆದರೆ ಬೆಲೆಯನ್ನು ಹೊರಗಿನ ಆಕಸ್ಮಿಕ ಎಂದು ಭಾವಿಸುವುದೇ ತಪ್ಪು. ಮೆಗ್ನೀಷಿಯಂ, ಆರ್ಗಾನ್, ನಿರ್ವಾತ, ನೀರು ಹರಿಸಿ ತಣ್ಣಗಿಟ್ಟ ತಾಮ್ರದ ಮೂಸೆ ಇವೆಲ್ಲದರ ಖರ್ಚು ತುಕ್ಕನ್ನು ತಡೆಯುವ ಅದೇ ರಾಸಾಯನಿಕ ಸ್ವಭಾವದ ಇನ್ನೊಂದು ಮುಖ. ಮರಳಿನ ಅಚ್ಚಿಗೆ ಟೈಟಾನಿಯಂ ಹೊಯ್ದರೆ ಅದು ಮರಳಿನ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ.

ಮೂರನೆಯ ಆಕ್ಷೇಪ ಈ ಲೇಖನದ ವಾದಕ್ಕೇ ಕೈ ಹಾಕುತ್ತದೆ. ಗುಣಗಳು ಕಟ್ಟಾಗಿಯೇ ಬರುತ್ತವೆ ಎಂದಾದರೆ ಲೋಹಶಾಸ್ತ್ರ ಮಾಡುವುದೇನು? 1943ರಲ್ಲಿ ಅಮೆರಿಕದ ಕೀತ್ ಮಿಲಿಸ್ ಕರಗಿದ ಬೀಡಿಗೆ ಒಂದಿಷ್ಟು ಮೆಗ್ನೀಷಿಯಂ ಸೇರಿಸಿದಾಗ ಗ್ರಾಫೈಟ್ ಪದರವಾಗದೆ ಗುಂಡಾಯಿತು. 1948ರಲ್ಲಿ ಅದು ಬಹಿರಂಗವಾಯಿತು. ನಮ್ಮ ಫೌಂಡ್ರಿಗಳು ಎಸ್‌ಜಿ ಐರನ್ ಎನ್ನುವುದು ಇದನ್ನೇ. ಗುಂಡಿಗೆ ಚೂಪು ತುದಿಯಿಲ್ಲ, ಹಾಗಾಗಿ ಬಲ 400ರಿಂದ 900 ಮೆಗಾಪ್ಯಾಸ್ಕಲ್‌ಗೆ ಏರಿತು, ಮೆದು ದರ್ಜೆಗಳು ಶೇ. 18ರವರೆಗೂ ಹಿಗ್ಗತೊಡಗಿದವು. ಮತ್ತೆ ಕಾಯಿಸಿ ಕರಗಿದ ಉಪ್ಪಿನಲ್ಲಿ ಹದಗೊಳಿಸಿದ ಆಸ್ಟೆಂಪರ್ಡ್ ಬಗೆ 1,200 ದಾಟುತ್ತದೆ. ತೂಕಕ್ಕೆ ಭಾಗಿಸಿದರೂ ಅದು ಟೈಟಾನಿಯಂಗೆ ತೀರ ಹಿಂದಿಲ್ಲ. ಕಟ್ಟು ಬಿಚ್ಚಿತು ಎನ್ನಬೇಕೇ? ಉಳಿದ ಅಂಕಿಗಳನ್ನೂ ನೋಡಬೇಕು. ಗುಂಡುಗಳು ಒಂದಕ್ಕೊಂದು ತಾಗುವುದಿಲ್ಲವಾದ್ದರಿಂದ ಶಾಖಕ್ಕೆ ದಾರಿ ತುಂಡಾಯಿತು: ಉಷ್ಣವಾಹಕತೆ 50ರಿಂದ 35ರ ಆಸುಪಾಸಿಗೆ ಬಿತ್ತು. ಕಂಪನ ನುಂಗುವ ಶಕ್ತಿ ಉಕ್ಕಿನ ಕಡೆಗೆ ವಾಲಿತು. ಆರುವಾಗ ಕುಗ್ಗುವಿಕೆಯ ಕಾಟ ಹೆಚ್ಚಿತು, ಕುಗ್ಗುವಾಗ ಲೋಹ ಉಣಿಸುವ ರೈಸರ್ ಇಡುವುದರಲ್ಲಿ ಜಾಣತನ ಬೇಕಾಯಿತು. ಆದ್ದರಿಂದಲೇ ಕ್ರ್ಯಾಂಕ್‌ಶಾಫ್ಟಿಗೂ ನೀರಿನ ಪೈಪಿಗೂ ಎಸ್‌ಜಿ ಬಂದರೂ ಬ್ರೇಕ್ ಡಿಸ್ಕು ಬೂದು ಬೀಡಿನದೇ ಉಳಿಯಿತು. ಟೈಟಾನಿಯಂ ಕಡೆಯೂ ಇದೇ ಹಾಡು. ಸವೆತ ತಡೆಯಲು ಮೈಗೆ ನೈಟ್ರೈಡ್ ಲೇಪಿಸುತ್ತಾರೆ, ಲೇಪ ತೆಳು. ಆಮ್ಲಜನಕ ಸೇರಿಸಿ ಗಡಸಾಗಿಸುತ್ತಾರೆ, ಮತ್ತೆ ಮತ್ತೆ ಬೀಳುವ ಭಾರದ ದಣಿವಿಗೆ ಬಿರುಕು ಬಿಡುವುದು ಸುಲಭವಾಗುತ್ತದೆ. ಪುಡಿಯಿಂದ ಪದರಪದರವಾಗಿ ಮುದ್ರಿಸುವ ಹೊಸ ವಿಧಾನ ವ್ಯರ್ಥವಾಗುವ ಲೋಹವನ್ನು ಬಹಳ ಉಳಿಸುತ್ತದೆ, ಆದರೆ ಆ ಪುಡಿಯನ್ನೂ ಆರ್ಗಾನ್ ಅಥವಾ ನಿರ್ವಾತದಲ್ಲೇ ಕರಗಿಸಬೇಕು. ಲೋಹಶಾಸ್ತ್ರಜ್ಞ ಕಟ್ಟನ್ನು ಬಿಚ್ಚುವುದಿಲ್ಲ, ಬೇರೆಯಾಗಿ ಕಟ್ಟುತ್ತಾನೆ. ಬೇಕಾದದ್ದು ಸಿಕ್ಕರೆ ಬೇಡದ್ದರ ಲೆಕ್ಕ ಇನ್ನೊಂದು ಕಡೆ ತೆರಬೇಕು.

ಎರಡು ಲೋಹಗಳು ಒಂದರೊಳಗೊಂದು ಸೇರಿದಾಗ ನಡೆಯುವುದನ್ನೂ ಇದೇ ಕಣ್ಣಿನಿಂದ ನೋಡಬಹುದು. ಎಸ್‌ಜಿ ಬೀಡಿನಲ್ಲಿ ಟೈಟಾನಿಯಂ ಅಲ್ಪಪ್ರಮಾಣದಲ್ಲಿದ್ದರೂ ಗ್ರಾಫೈಟ್ ಗುಂಡಾಗಲು ಬಿಡುವುದಿಲ್ಲ. ಗುಜರಿಯ ಮೂಲಕ ಅದು ನುಸುಳದಂತೆ ಫೌಂಡ್ರಿಯವರು ಕಾವಲಿರುತ್ತಾರೆ. ಪದರಕ್ಕೂ ಗುಂಡಿಗೂ ನಡುವಿನ, ಹುಳುವಿನಾಕಾರದ ಗ್ರಾಫೈಟ್ ಇರುವ ಬೀಡನ್ನು ಮಾಡುವವರು ಈ ಕೆಡುಕನ್ನೇ ಉಪಾಯವಾಗಿಸಿ ಟೈಟಾನಿಯಂ ಬೆರೆಸಿದ್ದುಂಟು. ಗ್ರಾಫೈಟ್ ಬೇಕಾದ ಆಕಾರಕ್ಕೆ ಬಂತು, ಜೊತೆಗೆ ಟೈಟಾನಿಯಂ ಇಂಗಾಲದೊಂದಿಗೆ ಕೂಡಿ ಅತಿ ಗಡಸಾದ ಕಣಗಳಾಗಿ ಟೂಲುಗಳನ್ನು ತಿಂದುಹಾಕಿತು. ಬಲವೂ ಉಷ್ಣವಾಹಕತೆಯೂ ಬೇಕಾದ ಡೀಸೆಲ್ ಬ್ಲಾಕುಗಳಿಗೆ ಈ ಬೀಡನ್ನು ಹೊಯ್ಯುವವರು ಆಮೇಲೆ ಮೆಗ್ನೀಷಿಯಂ ಪ್ರಮಾಣವನ್ನೇ ಬಿಗಿಹಿಡಿತದಲ್ಲಿ ಇಡುವ ದಾರಿ ಹಿಡಿದರು. ತಿರುಗಾಮುರುಗಾ, ಟೈಟಾನಿಯಂ ದರ್ಜೆಗಳಲ್ಲಿ ಕಬ್ಬಿಣಕ್ಕೆ ಸಾಮಾನ್ಯವಾಗಿ ಕಟ್ಟುನಿಟ್ಟಿನ ಮಿತಿಯಿದೆ. ಆದರೂ ಶೇ. 10 ವನೇಡಿಯಂ, ಶೇ. 3 ಅಲ್ಯೂಮಿನಿಯಂ ಜೊತೆ ಬೇಕೆಂದೇ ಶೇ. 2 ಕಬ್ಬಿಣ ಬೆರೆಸಿದ ಟೈಟಾನಿಯಂ ಮಿಶ್ರಲೋಹವೊಂದಿದೆ. ಬೋಯಿಂಗ್ 777ರ ಲ್ಯಾಂಡಿಂಗ್ ಗೇರ್‌ನ ದೊಡ್ಡ ಭಾಗಗಳನ್ನು ಕಾಸಿ ಬಡಿದು ಮಾಡುವುದು ಅದರಲ್ಲೇ.